ಸ್ಕ್ರೂ ಕರಗುವ ತನಕ

ಅಕ್ಕ ಮತ್ತೊಮ್ಮೆ ಚಿಮಟ ಕೆಳಗಿಟ್ಟಳು. ಇಟ್ಟಳು ಅನ್ನುವುದಕ್ಕಿಂತ ಅದೇ ಕೈಯಿಂದ ಜಾರಿತು ಅನ್ನುವುದು ಸರಿ. ಎದುರಿಗೆ ಹಳೆಯ ಮೇಜಿನ ಗಡಿಯಾರದ ಹಿತ್ತಾಳೆ ತಟ್ಟೆ. ಅದರ ಒಂದು ತೂತಿನಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಉಕ್ಕಿನ ಸ್ಕ್ರೂ ಮುರಿದು ಕೂತಿತ್ತು. ಹಿಂದೆ ಯಾರೋ ಪುಣ್ಯಾತ್ಮ ಬಲ ಹಾಕಿ ತಿರುಗಿಸಿ ಅದರ ತಲೆ ಹಾರಿಸಿದ್ದ. ಮುಂಡ ಒಳಗೇ ಉಳಿದಿತ್ತು. ಹಿಡಿದು ತಿರುಗಿಸೋಣವೆಂದರೆ ತಲೆಯಿಲ್ಲ. ಕೊರೆದು ತೆಗೆಯೋಣವೆಂದರೆ ಮೊನೆ ಕೂದಲೆಳೆಯಷ್ಟು ಸರಿದರೂ ತಟ್ಟೆ ಹಾಳು.

ಮೊದಲಾಗಿದ್ದರೆ ಅಕ್ಕ ಇಂಥದ್ದನ್ನು ಹಾಡು ಗುನುಗುತ್ತಲೇ ಕೊರೆದು ತೆಗೆಯುತ್ತಿದ್ದಳು. ಈಚೆಗೆ ಅವಳ ಬಲಗೈ ನಡುಗುತ್ತದೆ. ಅವಳಾಗಿ ಹೇಳಿಲ್ಲ. ಅಂಗಡಿಯ ಕೌಂಟರಿನಲ್ಲಿ ಕೂತು ವಾಚಿನ ಬೆಲ್ಟು, ಬ್ಯಾಟರಿ ಮಾರುವ ತಂಗಿ, ಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದು ಕ್ಷೇಮ ಸಮಾಚಾರ ಕೇಳುವವಳು, ಇದೊಂದನ್ನು ಮಾತ್ರ ಕೇಳಿರಲಿಲ್ಲ.

"ಸಾಕು ಕಣೇ," ಎಂದಳು ಅಕ್ಕ. "ಇದನ್ನ ಹಾಗೇ ವಾಪಸ್ ಕೊಟ್ಬಿಡು. ಇನ್ಮೇಲೆ ರಿಪೇರಿ ತಗೋಬೇಡ. ಬೆಲ್ಟು, ಬ್ಯಾಟರಿ ಮಾರ್ಕೊಂಡು ಇರೋಣ."

ತಂಗಿ ಅಕ್ಕ ಕೂತಿದ್ದ ಸ್ಟೂಲಿನತ್ತ ನೋಡಿದಳು. ಅಪ್ಪ ಹೋದ ಮೇಲೆ ಆ ಸ್ಟೂಲಿನ ಮೇಲೆ ಅಕ್ಕನ ಹೊರತು ಬೇರೆ ಯಾರೂ ಕೂತವರಿಲ್ಲ. ಅದು ಖಾಲಿಯಾದರೆ ಅಕ್ಕ ಏನಾಗಿಬಿಡುತ್ತಾಳೋ ಎಂದು ಯೋಚಿಸುವುದಕ್ಕೂ ಭಯವಾಯಿತು. "ತಡಿ, ಟೀ ತರ್ತೀನಿ," ಎಂದು ಹೊರಗೆ ಬಂದಳು. ಟೀ ನೆಪ ಅಷ್ಟೇ. ಅಕ್ಕನ ಮುಂದೆ ಕಣ್ಣೀರು ಹಾಕುವುದು ಬೇಡವಾಗಿತ್ತು.

ಪಕ್ಕದ ಸಲೂನಿನವನು ಬಾಗಿಲಲ್ಲಿ ನಿಂತು ಹಿತ್ತಾಳೆ ಬಟ್ಟಲು ತೊಳೆಯುತ್ತಿದ್ದ.

"ಏನ್ ರೇಡಿಯೊ, ಇವತ್ತು ಪ್ರಸಾರ ಇಲ್ವಾ?"

ಬಾಯಿಗೆ ಬಿಡುವು ಕೊಡದ ತಂಗಿಗೆ ಬೀದಿಯವರು ಇಟ್ಟ ಹೆಸರದು. ಅವನೇ ಮಾತು ಮುಂದುವರಿಸಿದ. "ಇಲ್ಲೊಂದು ವಿಚಿತ್ರ ನೋಡಮ್ಮ. ಗಡ್ಡಕ್ಕೆ ಹಚ್ಚೋ ಪಟಿಕದ ನೀರು ಈ ಬಟ್ಟಲಲ್ಲೇ ಉಳ್ಕೊಂಡಿತ್ತು. ಅದ್ರಲ್ಲೊಂದು ಗುಂಡುಸೂಜಿ ಬಿದ್ದಿದ್ದು ನಂಗೆ ಗೊತ್ತೇ ಇಲ್ಲ. ಈಗ ನೋಡಿದ್ರೆ ಅರ್ಧ ಸೂಜಿನೇ ಇಲ್ಲ. ಬಟ್ಟಲು ಮಾತ್ರ ಹೆಂಗಿತ್ತೋ ಹಂಗೇ ಇದೆ."

ತಂಗಿ ಅವನ ಅಂಗೈಯಲ್ಲಿದ್ದ ಸವೆದ ಸೂಜಿಯನ್ನು ನೋಡಿದಳು. ಹೊಳೆಯುವ ಬಟ್ಟಲನ್ನು ನೋಡಿದಳು. ಸೂಜಿ ಉಕ್ಕು, ಬಟ್ಟಲು ಹಿತ್ತಾಳೆ.

"ಅಣ್ಣ, ಒಂದು ತುಂಡು ಪಟಿಕ ಕೊಡಿ."

"ಯಾಕಮ್ಮ, ಗಡ್ಡ ಬಂತಾ?" ಎಂದು ನಕ್ಕರೂ, ಇದ್ದುದರಲ್ಲಿ ದೊಡ್ಡ ತುಂಡನ್ನೇ ಆರಿಸಿ ಕೊಟ್ಟ.

"ನಿನಗೆಲ್ಲೋ ಹುಚ್ಚು," ಎಂದಳು ಅಕ್ಕ, ವಿಷಯ ಕೇಳಿ. ಹಾಗೆಂದು ತಡೆಯಲೂ ಇಲ್ಲ. ತಟ್ಟೆಗೆ ಅಂಟಿಕೊಂಡಿದ್ದ ಬೇರೆ ಉಕ್ಕಿನ ಚೂರುಗಳನ್ನೆಲ್ಲ ನಿಧಾನವಾಗಿ ಕಳಚಿ ಪಕ್ಕಕ್ಕಿಟ್ಟಳು. ಗಾಜಿನ ಪಾತ್ರೆಯಲ್ಲಿ ಪಟಿಕ ಕರಗಿಸಿದ ಬಿಸಿನೀರು, ಅದರೊಳಗೆ ತಟ್ಟೆ, ಕೆಳಗೆ ಸ್ಟವ್ವಿನ ಸಣ್ಣ ಉರಿ. ಅಕ್ಕತಂಗಿ ಎದುರುಬದುರು ಕೂತರು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ತೂತಿನಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬಿಡದೆ ಒಂದರ ಹಿಂದೊಂದು, ದಾರದಂತೆ. ಅಷ್ಟಗಲ ಹಿತ್ತಾಳೆಯ ಮೇಲೆ ಬೇರೆಲ್ಲೂ ಇಲ್ಲ, ಸ್ಕ್ರೂ ಇದ್ದ ಜಾಗದಿಂದ ಮಾತ್ರ. ತಂಗಿ ಪಾತ್ರೆಯ ಹತ್ತಿರಕ್ಕೆ ಬಗ್ಗಿದಳು. ಆ ನೀರಿಗೆ ಕಣ್ಣಿಲ್ಲ, ಕೈಯಿಲ್ಲ. ಇದು ಉಕ್ಕು, ಇದನ್ನು ತಿನ್ನು; ಇದು ಹಿತ್ತಾಳೆ, ಇದನ್ನು ಮುಟ್ಟಬೇಡ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ದಿನಾ ಕಂಡವರ ಕೆನ್ನೆಗೆ ಉಜ್ಜುವ ಬಿಳಿ ಕಲ್ಲು ಇಷ್ಟೆಲ್ಲ ಬಲ್ಲದೇ? ಗಿರಾಕಿಯೊಬ್ಬ ಬಂದು ಬೆಲ್ಟು ಕೇಳಿದ. ನಾಳೆ ಬನ್ನಿ ಎಂದು ತಂಗಿ ಕೈಸನ್ನೆಯಲ್ಲೇ ಕಳಿಸಿದಳು. ಸಲೂನಿನವನು ಗೇಲಿ ಮಾಡಲೆಂದೇ ಬಂದು ಇಣುಕಿದವನು, ಬಾಯಿ ತೆರೆದುಕೊಂಡೇ ನಿಂತು ನೋಡಿ, ಸದ್ದಿಲ್ಲದೆ ಹೋದ. ಅಕ್ಕನ ಬಲಗೈ ಮೇಜಿನ ಮೇಲೆ ತನ್ನ ಪಾಡಿಗೆ ನಡುಗುತ್ತಲೇ ಇತ್ತು. ಮುಚ್ಚಿಡಬೇಕೆಂಬುದೂ ಅವಳಿಗೆ ಮರೆತುಹೋಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗುಳ್ಳೆಗಳು ನಿಂತವು. ಅಕ್ಕ ತಟ್ಟೆಯನ್ನು ಎತ್ತಿ, ಒಳಗುಳಿದಿದ್ದ ಕಪ್ಪು ಕೆಸರನ್ನು ತೊಳೆದು, ಕಿಟಕಿಗೆ ಹಿಡಿದಳು. ಸ್ಕ್ರೂ ಇದ್ದಲ್ಲಿ ಬೆಳಕಿನ ಒಂದು ಚುಕ್ಕೆ ಕಂಡಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತೆಗೆದು, ಈವರೆಗೆ ಯಾರಿಗೂ ಮುಟ್ಟಗೊಡದ ಆ ಗಾಜನ್ನು ತಂಗಿಯ ಕೈಗಿತ್ತಳು.

"ನೋಡು."

ತೂತಿನ ಒಳಗೋಡೆಯಲ್ಲಿ ಸುತ್ತಿ ಸುತ್ತಿ ಇಳಿಯುವ ಸಣ್ಣ ಸಣ್ಣ ಮೆಟ್ಟಿಲುಗಳಿದ್ದವು. ಒಂದು ಗೀರಿಲ್ಲ, ಒಂದು ಮುಕ್ಕಿಲ್ಲ. ಸ್ಕ್ರೂ ಕೂರಲೆಂದು ಯಾವ ಕಾಲದಲ್ಲೋ ಯಾರೋ ಕೊರೆದದ್ದು, ಈಗತಾನೆ ಕೊರೆದಂತೆ ಚಿನ್ನದ ಬಣ್ಣಕ್ಕೆ ಹೊಳೆಯುತ್ತಿತ್ತು. ಸಂಜೆಯ ಬೆಳಕು ಆ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋಗಿತ್ತು. ತಂಗಿ ಗಾಜನ್ನು ಕಣ್ಣಿನಿಂದ ತೆಗೆಯಲೇ ಇಲ್ಲ.

"ಅಕ್ಕ, ಒಳಗೆ ಇದೆಲ್ಲ ಇರುತ್ತಾ?" ಎಂದಳು ಕೊನೆಗೆ. "ಇಷ್ಟು ವರ್ಷ ನೀನೊಬ್ಬಳೇ ನೋಡ್ಕೊಂಡು ಇದ್ಯಲ್ಲ. ಒಂದು ದಿನವಾದ್ರೂ ನನ್ನ ಕರೀಬಾರ್ದಾಗಿತ್ತಾ?"

ಅಕ್ಕ ಸ್ಟೂಲಿನಿಂದ ಎದ್ದಳು. ತಂಗಿಯ ಭುಜ ಹಿಡಿದು ಅದರ ಮೇಲೆ ಕೂರಿಸಿದಳು. ಕೌಂಟರಿನ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ತಾನೂ ಕೂತು, ಡಬ್ಬಿಯಿಂದ ಹೊಸ ಸ್ಕ್ರೂ ಒಂದನ್ನು ತೆಗೆದು ಅವಳ ಮುಂದಕ್ಕೆ ಸರಿಸಿದಳು.

"ಒಂದು ದಿನವಾದ್ರೂ ನೀನು ಸುಮ್ನೆ ಕೂತಿದ್ರೆ ತಾನೇ ಕರೆಯೋದು," ಎಂದಳು. "ಇವತ್ತು ಕೂತೆ."