ಎಲೆಯ ತುದಿಯ ಬೆಣ್ಣೆ

ಬಡವರ ಗಂಜಿಗೂ ದೇವರ ನೈವೇದ್ಯಕ್ಕೂ ಒಂದೇ ಸೌಟನ್ನಾಡಿಸುವ ತಾಯಿ ಅನ್ನಪೂರ್ಣೆಗೆ ಮಣಿದು ಈ ಮಾತು.

“ಸತ್ತವರಿಗೆ ಎಂತದ್ದೇ ಕೊಲೆಸ್ಟರಾಲ್?” ಎಂದು ಶೀಲಾವತಿ ಸೊಸೆ ವಿಜೇತಾಳ ಕೈಯಲ್ಲಿದ್ದ ಮೊಸರಿನ ಬಟ್ಟಲನ್ನು ತಡೆದಳು. ತುಳುವರ ಆಟಿ ತಿಂಗಳು, ತೀರಿಹೋದ ಹಿರಿಯರಿಗೆ ಬಡಿಸುವ ದಿನ. ಅಗಲಿದವರಿಗೆ ಪ್ರಿಯವಾದುದನ್ನು ಬಾಳೆಲೆಯಲ್ಲಿಟ್ಟು, ಬಾಗಿಲೆಳೆದು, ಹೊರಗೆ ಕಾದಿದ್ದು, ಬಳಿಕ ಅದೇ ಎಲೆಯಲ್ಲಿ ಮನೆಯವರು ಉಣ್ಣುವುದು ಅವರ ಮನೆತನದ ಪದ್ಧತಿ. ಸ್ವೀಡನ್ನಿನ ಹಡಗಿನಲ್ಲಿ ಹದಿನೆಂಟು ವರುಷ ಅಡುಗೆ ಮಾಡಿದ್ದ ಪತಿ ಐತನಿಗೆ ಪ್ರಿಯವಾದುದೆಂದರೆ ಆ ನಾಡಿನ ಮೀಟ್‌ಬಾಲ್: ಬೆಣ್ಣೆಯಲ್ಲಿ ಹುರಿದು ಕೆನೆಯಲ್ಲಿ ಮುಳುಗಿಸಿದ ಮಾಂಸದ ಉಂಡೆ.

ಮುಂಬಯಿಯ ಕುರ್ಲಾದ ಚಾಳಿನ ಆ ಒಂದೇ ಕೋಣೆಯಲ್ಲಿ ವಿಜೇತಾ ಬೇರೆಯೇ ದಾರಿ ಹಿಡಿದಿದ್ದಳು. ಕೋಳಿಯ ಕೀಮಾ, ಹಾಲಿನಲ್ಲಿ ನೆನೆದ ಓಟ್ಸ್, ಚಿಟಿಕೆ ಜಾಯಿಕಾಯಿ. ಗುಳಿಯಪ್ಪದ ಕಾವಲಿಯ ಕುಳಿಗೊಂದರಂತೆ ತೊಟ್ಟು ಎಣ್ಣೆ. ಕೆನೆಗೆ ಬದಲು ಕಡೆದ ಮೊಸರು. ಆ ದೇಶದ ಹುಳಿಹಣ್ಣಿನ ಜಾಮಿಗೆ ಬದಲು ಬೆಲ್ಲದಲ್ಲಿ ಕುದಿಸಿದ ಪುನರ್ಪುಳಿ, ಅಂದರೆ ಕೋಕಂ.

“ಬಡಿಸುವುದು ಮಾವನಿಗೆ. ಆಮೇಲೆ ಆ ಎಲೆಯಲ್ಲಿ ಉಣ್ಣುವುದು ಯಾರು ಅತ್ತೆ? ನೀವೇ ಅಲ್ವಾ? ಸ್ಟೆಂಟ್ ಹಾಕಿಸಿ ಮೂರು ತಿಂಗಳಾಗಲಿಲ್ಲ.”

ಶೀಲಾವತಿ ಬಟ್ಟಲಿನಿಂದ ಕೈ ತೆಗೆದಳು. ಐತನ ಕೊನೆಯ ವರುಷ, ಡಾಕ್ಟರು ಕೊಬ್ಬು ಕೂಡದೆಂದ ಮೇಲೆ, ಬೆಣ್ಣೆಯನ್ನೆಲ್ಲ ಪಕ್ಕದ ಮನೆಯ ಸ್ನೇಹಲಳ ಫ್ರಿಜ್ಜಿಗೆ ಸಾಗಿಸಿದವಳು ಅವಳೇ. ಊಟಕ್ಕೆ ಕುಳಿತಾಗಲೆಲ್ಲ ಅವನು ಬೆರಳೊಂದನ್ನೆತ್ತಿ “ಒಂದೇ ಚಮಚ, ಶೀಲಾ” ಎನ್ನುವನು. “ಇಲ್ಲ ಅಂದ್ರೆ ಇಲ್ಲ” ಎಂದು ಅವಳು ಗದರುವಳು. ಕಡೆಯ ಊಟದಲ್ಲಿಯೂ ಅದೇ ಬೆರಳು, ಅದೇ ಗದರಿಕೆ. ಮೂರು ವರುಷಗಳಿಂದ ಆ ಬೆರಳು ಮಡಚಿಕೊಳ್ಳದೆ ಅವಳ ಕಣ್ಣೆದುರು ನಿಂತಿತ್ತು.

ವಿಜೇತಾ ದೀಪದ ಬತ್ತಿಯನ್ನು ಸರಿಪಡಿಸುತ್ತಿದ್ದಾಗ, ಶೀಲಾವತಿಯ ಸೆರಗಿನ ಮರೆಯಿಂದ ನೆಲ್ಲಿಕಾಯಿ ಗಾತ್ರದ ಬೆಣ್ಣೆಯ ಮುದ್ದೆಯೊಂದು ಎಲೆಯ ತುದಿಗಿಳಿಯಿತು.

ಬಾಗಿಲೆಳೆದು ಇಬ್ಬರೂ ಗ್ಯಾಲರಿಯಲ್ಲಿ ನಿಂತರು. “ಏನು ಕಾಕೂ, ಸೊಸೆ ಹೊರಗೆ ಹಾಕಿದಳಾ?” ಎಂದು ಸ್ನೇಹಲ್ ತನ್ನ ಮರಾಠಿಯಲ್ಲಿ ಕೆಣಕಿದಳು.

“ಸುಮ್ಮನಿರು. ನಿನ್ನ ಕಾಕಾ ಒಳಗೆ ಊಟಕ್ಕೆ ಕೂತಿದ್ದಾರೆ.”

ಬಾಗಿಲು ತೆರೆದಾಗ ಬೆಣ್ಣೆ ಅರೆಗರಗಿ ಹಾಗೆಯೇ ಇತ್ತು. “ನೋಡು, ಮುಟ್ಟಿಯೇ ಇಲ್ಲ. ಕೋಪ ಇನ್ನೂ ಇಳಿದಿಲ್ಲ ಅವರಿಗೆ.” ಶೀಲಾವತಿ ಎಲೆಯ ಮುಂದೆ ಕುಳಿತಳು. ಐತನಂತೆ ತಾನೂ ಬೆರಳೊಂದನ್ನೆತ್ತಿದಳು. “ಅವರ ಪಾಲಿನದ್ದು ನನಗೆ ಕೊಡು. ಒಂದೇ ಚಮಚ, ವಿಜೇತಾ.”

“ಇಲ್ಲ ಅಂದ್ರೆ ಇಲ್ಲ!”

ವಿಜೇತಾ ಎಲೆಯ ತುದಿಯನ್ನೇ ಹರಿದು ತೆಗೆದಳು. ಅವಳ ಮುಖ ಬಿಳಿಚಿತ್ತು, ತುಟಿ ನಡುಗುತ್ತಿತ್ತು. ಶೀಲಾವತಿ ಆ ಮುಖವನ್ನೇ ದಿಟ್ಟಿಸಿದಳು.

“ಅವರಿಗೆ ಬೇಡ ಅನ್ನುವಾಗ ನನ್ನ ಮುಖವೂ ಹೀಗೇ ಇತ್ತಾ?”

“ಹೀಗೇ ಇತ್ತು. ಮಾವ ನನ್ನ ಹತ್ತಿರ ಹೇಳ್ತಿದ್ದರು, ‘ಬೆಣ್ಣೆ ಯಾರಿಗೆ ಬೇಕು ಮಾರಾಯ್ತಿ? ನಾನೆಲ್ಲಿ ಸತ್ತುಹೋಗ್ತೇನೋ ಅಂತ ಹೆದರುವ ಆ ಮುಖ ಉಂಟಲ್ಲ, ಅದನ್ನು ನೋಡ್ಲಿಕ್ಕೆ ದಿನಾ ಕೇಳುವುದು’ ಅಂತ. ನಿಮಗೆ ಹೇಳಿದ್ರೆ ಆಟ ಕೆಡ್ತದೆ ಅಂತ ಆಣೆ ಹಾಕಿಸಿದ್ದರು.”

ಶೀಲಾವತಿ ಒಂದು ಉಂಡೆಯನ್ನು ಪುನರ್ಪುಳಿಯಲ್ಲಿ ಅದ್ದಿ ಬಾಯಿಗಿಟ್ಟಳು. ಮೂರು ವರುಷ ಅವಳ ಕಣ್ಣೆದುರು ಎತ್ತಿದಂತೆಯೇ ಇದ್ದ ಐತನ ಬೆರಳು ಮೆಲ್ಲನೆ ಮಡಚಿಕೊಂಡಿತು.

ಇದನ್ನು ಕೇಳಿದವರೆಲ್ಲರ ಎಲೆಯ ತುದಿಯಲ್ಲಿ ಬೆಣ್ಣೆಯಿರಲಿ; ಅದನ್ನು ತಡೆಯುವ ಕೈಯೊಂದು ಎದುರಿಗಿರಲಿ.