ಹಳೇ ಲ್ಯಾಪ್‌ಟಾಪಿಗೆ ಹೊಸ ಜೀವ

'ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?' ಎಂದು ಪರದೆ ಕೇಳಿತು. ತಮ್ಮನ ಬೆರಳು ತಡೆದು ನಿಂತಿತು.

"ಅತ್ತಿಗೆ, ಒಳಗೆ ಬೇಕಾದ್ದೇನಾದ್ರೂ ಇದೆಯಾ? ಇದ್ರೆ ಮೊದಲು ನಕಲು ತೆಗೆದಿಡ್ತೀನಿ."

"ಏನೂ ಇಲ್ಲಪ್ಪ. ಎಲ್ಲ ಹಳೇ ಕಸ. ಪೂರ್ತಿ ತೊಳೆದುಬಿಡು."

ಅವನು ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಗುಜರಿಗೆ ಹೋಗಬೇಕಿದ್ದ ಎಷ್ಟೋ ಯಂತ್ರಗಳಿಗೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ ಓಡಿಸಿದ್ದ. ನಕಲು ತೆಗೆಯದೆ ಯಾವುದನ್ನೂ ಮುಟ್ಟಿದವನಲ್ಲ. ಆದರೆ ಅತ್ತಿಗೆಗೆ ಎದುರಾಡಿಯೂ ಅಭ್ಯಾಸವಿಲ್ಲ. ಅಣ್ಣನಿಗೆ ಲಕ್ವ ಹೊಡೆದ ಮೇಲೆ ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಅವಳೊಬ್ಬಳ ಪಾಲಿಗೆ ಬಿದ್ದಿತ್ತು. ಇವನದೇನಿದ್ದರೂ ದೂರದಿಂದ ಫೋನು. "ಬಂದು ಏನು ಮಾಡ್ತೀಯ? ಅವರಿಗೆ ಯಾರದೂ ಗುರುತಿಲ್ಲ, ಕೊರಡಿನ ಹಾಗಿದಾರೆ" ಎನ್ನುತ್ತಿದ್ದಳು. ಈ ಸಲ ರಜೆಗೆ ಬಂದೇ ಬರುತ್ತೇನೆ ಎಂದಾಗ ಮಾತ್ರ ಬೇಡವೆನ್ನಲಿಲ್ಲ. "ಹಾಗಾದ್ರೆ ಲ್ಯಾಪ್‌ಟಾಪಿಗೆ ಆ ನಿನ್ನ ಲಿನಕ್ಸ್ ಹಾಕಿಕೊಡು. ಆಮೆ ಆಗಿದೆ. ಮನೆಯವರ ಕೈಯಲ್ಲೇ ಆದ್ರೆ ಚೆಂದ."

ಅವನು 'ಹೌದು' ಒತ್ತಿದ.

ಮಂಚದ ಮೇಲಿದ್ದ ಅಣ್ಣನಲ್ಲಿ ಆಡುತ್ತಿದ್ದದ್ದು ಕಣ್ಣು ಮಾತ್ರ. ಅದು ಲ್ಯಾಪ್‌ಟಾಪಿನಿಂದ ತಮ್ಮನಿಗೆ, ತಮ್ಮನಿಂದ ಲ್ಯಾಪ್‌ಟಾಪಿಗೆ ಒಂದೇ ಸಮನೆ ಓಡಾಡುತ್ತಿತ್ತು. ಕೆನ್ನೆಯ ಮೇಲೆ ನೀರಿಳಿಯಿತು.

"ಅಣ್ಣ ಅಳ್ತಿದಾನೆ, ಅತ್ತಿಗೆ."

"ಅಳು ಅಲ್ಲ ಅದು. ಸುಮ್ನೆ ಸುರಿಯುತ್ತೆ." ಮೇಜು ಒರೆಸುತ್ತಿದ್ದ ಬಟ್ಟೆಯಿಂದಲೇ ಒರೆಸಿದಳು.

ಲಿನಕ್ಸ್ ಕೂತಿತು. ವೈಫೈ ಹಟ ಹಿಡಿಯಿತು. ಫೋನಿಗೆ ಕೇಬಲ್ ಜೋಡಿಸಿ, ಬೇಕಾದ ಡ್ರೈವರ್ ಇಳಿಸಿಕೊಂಡು ಅದನ್ನೂ ಪಳಗಿಸಿದ. ಅತ್ತಿಗೆಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿದ. ಪರದೆಯ ಕೆಳ ಅಂಚಿನಲ್ಲಿ ಏನನ್ನೋ ಅಂಟಿಸಿ ಕಿತ್ತ ಗುರುತಿತ್ತು. ಸ್ಪಿರಿಟ್ ಹಾಕಿ ಅದನ್ನೂ ಉಜ್ಜಿ ತೆಗೆದ. ಆಮೇಲೆ ಮಂಚದ ಬಳಿಗೆ ಒಯ್ದು ಅಣ್ಣನ ಮುಖಕ್ಕೆ ಹಿಡಿದ.

"ನೋಡಣ್ಣ, ಆಮೆ ಕುದುರೆ ಆಯ್ತು."

ಅಣ್ಣ ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಅಣ್ಣನ ಚಿಕಿತ್ಸೆಗೆ ಆಸ್ಪತ್ರೆಯಿಂದ ಬರುತ್ತಿದ್ದ ಥೆರಪಿಸ್ಟ್. ಅವಳು ಬರುವ ದಿನ ಅದಾಗಿರಲಿಲ್ಲ.

"ತಮ್ಮ ಅಂದ್ರೆ ನೀವೇನಾ? ಬಂದಿದೀರಿ ಅಂತ ಗೊತ್ತಾಯ್ತು, ತಡೆಯೋಕಾಗ್ಲಿಲ್ಲ. ಓದಿದ್ರಾ?"

"ಏನನ್ನ?"

"ನಿಮ್ಮಣ್ಣ ಬರೆದಿದ್ದನ್ನ. ಈ ಲ್ಯಾಪ್‌ಟಾಪಿನ ಪರದೆ ಕೆಳಗೆ ಕಣ್ಣಿನ ಚಲನೆ ಹಿಡಿಯೋ ಕ್ಯಾಮೆರಾ ಅಂಟಿಸಿದೀವಿ. ಪರದೆ ಮೇಲಿನ ಅಕ್ಷರ ದಿಟ್ಟಿಸಿ ನೋಡಿದ್ರೆ ಸಾಕು, ಅದು ಮೂಡುತ್ತೆ. ಹಾಗೇ ನನ್ನ ಹತ್ರ ಮಾತಾಡ್ತಾರೆ, ತಮಾಷೆನೂ ಮಾಡ್ತಾರೆ. ನೀವು ಬರ್ತೀರಿ ಅಂತ ತಿಳಿದಾಗಿನಿಂದ ನಿಮಗೇನೋ ಬರೀತಿದ್ರು. ನನಗೂ ತೋರಿಸ್ಲಿಲ್ಲ."

ಹೇಳುತ್ತಲೇ ಅವಳು ಲ್ಯಾಪ್‌ಟಾಪ್ ನೋಡಿದಳು. ಹೊಸ ಪರದೆ ನೋಡಿದಳು. ಕ್ಯಾಮೆರಾ ಇರಬೇಕಿದ್ದ ಕೆಳ ಅಂಚಿನ ಮೇಲೆ ಬೆರಳಾಡಿಸಿದಳು.

"ಆ ಪ್ರೋಗ್ರಾಂ ಮಾಡಿದ ಕಂಪನಿ ಮುಚ್ಚಿಹೋಗಿದೆ," ಎಂದಳು ಕೊನೆಗೆ. "ಇನ್ನೆಲ್ಲೂ ಸಿಗಲ್ಲ. ಅದಕ್ಕೇ ಈ ಹಳೇದನ್ನ ಇಷ್ಟು ಜೋಪಾನ ಮಾಡಿದ್ವಿ."

ಪ್ರೋಗ್ರಾಂನ ಪ್ರತಿಯೇನಾದರೂ ಉಳಿದಿದೆಯಾ ಎಂದು ಆಸ್ಪತ್ರೆಗೆ ಫೋನ್ ಮಾಡಿ ನೋಡುತ್ತೇನೆಂದು ಅವಳು ಹೊರಗೆ ಹೋದಳು. ತಮ್ಮ ಮಂಚದ ಬುಡದಲ್ಲಿ ಕುಸಿದು ಅಣ್ಣನ ಪಾದ ಹಿಡಿದುಕೊಂಡ. ಅತ್ತಿಗೆಗೆ ಈ ಯಂತ್ರದ ವಿಷಯ ಅರ್ಥವಾಗಿರಲಿಕ್ಕಿಲ್ಲ. ಎಲ್ಲ ಬರೀ ಆಟ ಅಂದುಕೊಂಡಿರಬೇಕು. ಬೇರೇನನ್ನೂ ಯೋಚಿಸಲು ಅವನಿಗೆ ಧೈರ್ಯವಿರಲಿಲ್ಲ.

"ಅತ್ತಿಗೆ, ಅಳಿಸಿದ್ರೆ ಅದೂ ಹೋಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?" ಅವನ ದನಿ ಅಂಗಲಾಚುತ್ತಿತ್ತು.

ಅತ್ತಿಗೆ ಗಂಡನ ಹೊದಿಕೆಯನ್ನು ಗಲ್ಲದವರೆಗೆ ಎಳೆದು, ನೀಟಾಗಿ ಮಡಿಸಿದಳು.

"ರಿಪೇರಿ ಅಂಗಡಿಯವನು ಅದನ್ನೇ ಹೇಳಿ, ನನ್ನ ಕೈಲಿ ಈ ಪಾಪ ಆಗಲ್ಲ ಅಂತ ವಾಪಸ್ ಕಳಿಸಿದ," ಎಂದಳು. "ಅದಕ್ಕೇ ನೀನು ಬರಲಿ ಅಂತ ಕಾದೆ."