ತಿರುಗಿಸಿದ ಆಕಾಶ

ಕಂಪ್ಯೂಟರಿಗೆ ಉತ್ತರ ಸಿಗದಿರಲಿ ಎಂದು ಲೋಕನಾಥ ಮನೆದೈವಕ್ಕೆ ಹರಕೆ ಹೊತ್ತ. ಸುರತ್ಕಲ್ಲಿನಲ್ಲಿ ಕಾಲೇಜು ಮಕ್ಕಳಿಗೆ ಗಣಿತ ಹೇಳಿಕೊಡುವವನು ಮಾಡುವ ಕೆಲಸವೇ ಇದು? ಅಲ್ಲ. ಆದರೆ ಪರದೆಯ ಮೇಲೆ ನಿಂತಿದ್ದದ್ದು ಸ್ವರ್ಣಲತಾಳ ಮದುವೆ.

ಲೈಬ್ರರಿಯಲ್ಲಿ ಕೆಲಸ ಮಾಡುವ ಸ್ವರ್ಣಲತಾ ಬೆಳಿಗ್ಗೆ ಒಂದು ಹಳೆಯ ಜಾತಕವನ್ನು ಅವನ ಮೇಜಿನ ಮೇಲಿಟ್ಟಿದ್ದಳು. ಗ್ರಹಕುಂಡಲಿ ನೆಟ್ಟಗಿತ್ತು. ಹೆಸರು, ತಾರೀಕು ಇದ್ದ ಮೂಲೆ ಮಾತ್ರ ಗೆದ್ದಲಿನ ಪಾಲಾಗಿತ್ತು.

“ಹುಡುಗನದ್ದು,” ಎಂದಳು. “ಮನೆಯವರು ಬಾಯಲ್ಲಿ ಹೇಳುವ ದಿನ ಅಪ್ಪನಿಗೆ ಸಾಲದು. ಜಾತಕದಿಂದಲೇ ದಿನ ತೆಗೆದು ತೋರಿಸಬೇಕಂತೆ. ನಿಮ್ಮ ಕಂಪ್ಯೂಟರಲ್ಲಿ ಆಗುವುದುಂಟಾ?”

“ಹುಡುಗ ಯಾರು?”

“ದಿನ ಸಿಕ್ಕಲಿ, ನಿಮಗೇ ಗೊತ್ತಾಗ್ತದೆ.”

ಅವಳ ಮುಖ ಕೆಂಪಾದದ್ದು ಕಂಡು ಅವನು ಹೊಟ್ಟೆಕಿಚ್ಚಿನಲ್ಲಿ ಜಾತಕವನ್ನು ತನ್ನತ್ತ ಎಳೆದುಕೊಂಡ. ಅವಳಿಗೆ ಹೇಳಬೇಕೆಂದಿದ್ದ ಒಂದು ಮಾತನ್ನು ವರ್ಷಗಳಿಂದ ಅವನು ಹೇಳಿರಲಿಲ್ಲ. ಮೊನ್ನೆ ಜೂನ್ ಒಂದಕ್ಕೆ, ಅವನ ಜನ್ಮದಿನವೆಂದು, ಅವಳೇ ಬಲ್ಮಠದ ಅವನ ಮನೆಗೆ ಸಿಹಿ ತಂದಿದ್ದಳು. “ಅದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟ್ರು ವಯಸ್ಸು ಕೂಡಿಸಿ ಬರೆದುಕೊಂಡ ದಿನ ಮಗಾ, ಇವನ ಕ್ಲಾಸಿನ ಅರ್ಧ ಮಕ್ಕಳಿಗೂ ಅದೇ, ಹುಟ್ಟಿದ ದಿನ ಇವನಿಗೂ ಗೊತ್ತಿಲ್ಲ,” ಎಂದು ಅಮ್ಮ ನಗುತ್ತ ಅವಳನ್ನು ಒಳಗೆ ಕರೆದೊಯ್ದಿದ್ದರು. ಅಡುಗೆಮನೆಯಲ್ಲಿ ಇಬ್ಬರದ್ದೂ ಮುಗಿಯದ ತುಳು. ಇವನು, ಪುಕ್ಕಲ, ಚಾವಡಿಯಲ್ಲಿ ಪೇಪರು ಓದುತ್ತ ಕುಳಿತಿದ್ದ.

ದಿನ ಕೊಟ್ಟರೆ ಗ್ರಹಗಳ ಜಾಗ ಹೇಳುವ ಫಂಕ್ಷನ್ ಹಳೆಯದು. ಇಲ್ಲಿ ಅದನ್ನು ತಿರುಗಿಸಬೇಕು. ಜಾಗ ಕೊಟ್ಟು ದಿನ ಕೇಳಬೇಕು. ಕೈಯಲ್ಲಾದರೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಸಂಬಂಧ ತಪ್ಪಿಹೋಗುತ್ತಿತ್ತು. ಹಾಳಾದ್ದು, ಬೀಜಗಣಿತ ಬಲ್ಲ ಆ ಹೊಸ ಸಾಫ್ಟ್‌ವೇರ್ ಅಕ್ಷರಗಳನ್ನೇ ಅತ್ತಿಂದಿತ್ತ ಸರಿಸಿ ಉದ್ದದೊಂದು ಶ್ರೇಣಿಯನ್ನು ಹೊರಗೆ ಹಾಕಿತು. ಅವನು ಸೂರ್ಯ, ಚಂದ್ರ, ಗುರು, ಶನಿಯನ್ನು ಅದರಲ್ಲಿ ತುಂಬಿದ. ಎರಡು ಉತ್ತರ ಬಂದರೂ ಸಾಕಿತ್ತು, ಗೊಂದಲವೆಂದು ಕೈತೊಳೆದುಕೊಳ್ಳಬಹುದಿತ್ತು.

ಬಂದದ್ದು ಒಂದೇ. ೧೯೫೫ರ ನವೆಂಬರ್, ಅಮಾವಾಸ್ಯೆಯ ಹಿಂದಿನ ದಿನ, ನಸುಕು. ಹುಡುಗ ತನಗಿಂತ ಒಂದು ವರ್ಷ ಚಿಕ್ಕವನು ಬೇರೆ! ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ಲೋಕನಾಥನೇ. ಅವನು ಪರದೆ ಅಳಿಸಿದ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ಕಾಯುತ್ತಿದ್ದಳು.

“ಎಂತ ಆಯ್ತು?”

ಅವನು ಜಾತಕವನ್ನು ಅವಳ ಕೈಗಿತ್ತ. “ಅಂಥ ಆಕಾಶವೇ ಯಾವತ್ತೂ ಇರಲಿಲ್ಲ. ಈ ಜಾತಕ ಸುಳ್ಳು, ಯಾರೋ ಬೇಕೆಂದೇ ಬರೆಸಿದ್ದು.”

“ಸರಿಯಾಗಿ ನೋಡಿದ್ದೀರಾ?”

“ಲೆಕ್ಕ ಸುಳ್ಳು ಹೇಳುವುದಿಲ್ಲ.”

ಅವಳ ಕಣ್ಣು ತುಂಬಿತ್ತು. ಅವನಿಗೆ ಪಾಪ ಅನ್ನಿಸಿತು, ಒಳಗೊಳಗೇ ಜೀವ ಹಗುರವೂ ಆಯಿತು.

“ನೀವೇ ಹೇಳಿದ ಮೇಲೆ ಅಪ್ಪ ನಂಬ್ತಾರೆ,” ಎಂದಳು. “ಇವತ್ತೇ ದುಬೈಯ ಹುಡುಗನಿಗೆ ಹೂಂ ಅಂತಾರೆ.”

ದುಬೈಯ ಹುಡುಗ? ಅವನು ಕೇಳುವಷ್ಟರಲ್ಲಿ ನಂತೂರಿನ ಬಸ್ಸು ಬಂತು. ಅವಳು ಮೆಟ್ಟಿಲು ಹತ್ತಿ, ತಿರುಗಿ, ಜಾತಕವನ್ನು ಅವನ ಕೈಗಿಟ್ಟಳು.

“ದೀಪಾವಳಿಯ ಎಣ್ಣೆಸ್ನಾನದ ನಸುಕಿಗೆ ಹೆತ್ತದ್ದು ಅಂತ ಹೇಳಿದ್ದರು, ನಾನು ನಂಬಿದ್ದೆ. ಇದನ್ನು ನಿಮ್ಮ ಅಮ್ಮನಿಗೆ ವಾಪಸ್ ಕೊಡಿ.”